ನಾಲ್ಕನೇ ಪ್ಯಾರಾ

ಮಚ್ಚೇಂದ್ರ ವಕೀಲರು ಹುಮನಾಬಾದಿನಲ್ಲಿ ಕರೀ ಕೋಟು ಹಾಕಿ ಇಪ್ಪತ್ತೈದು ವರ್ಷವಾಯಿತು. ಅಷ್ಟು ವರ್ಷದಲ್ಲಿ ಅವರು ಗೆದ್ದ ಖಟ್ಲೆ ಯಾವುದೆಂದು ಕೇಳಿದರೆ ಊರವರು ತಲೆ ಕೆರೆದುಕೊಳ್ಳುತ್ತಾರೆ. ಆದರೆ ಅವರು ಕಾಗದ ಓದುವ ಪರಿಯನ್ನು ಬಸವಕಲ್ಯಾಣದ ಕೋರ್ಟಿನ ಜವಾನನೂ ಅಣಕಿಸಿ ತೋರಿಸಬಲ್ಲ. ಎಡಗೈಯ ತೋರುಬೆರಳು ನಂಬರಿನ ಮೇಲೆ, "ಒಂದು" ಎಂದು ಗಟ್ಟಿಯಾಗಿ ಹೇಳಿ ಒಂದು ಉಸಿರು ಬಿಡುವುದು, ಆಮೇಲೆ ಓದುವುದು. ಮುಂದಿನ ತಾರೀಖು ಕೇಳುವ ಎರಡು ಸಾಲಿನ ಅರ್ಜಿಯನ್ನೂ ಅವರು ಹೀಗೇ ಓದುತ್ತಾರೆ. ನಗುವವರು ನಗಲಿ. ಆ ಬೆರಳು ಅಲ್ಲಿಗೆ ಬಂದು ಕೂತದ್ದು ನಗುವ ಸಂಗತಿಯಿಂದಲ್ಲ.

ಅವರ ತಂದೆ ಚಿಟಗುಪ್ಪದ ಕಡೆ ಮಂದಿಯ ಹೊಲದಲ್ಲಿ ದುಡಿದವರು. ಅವರ ಓಣಿಯಿಂದ ಕೋರ್ಟಿಗೆ ಆರೋಪಿಗಳೂ ಸಾಕ್ಷಿಗಳೂ ಹೋಗಿದ್ದರು, ವಕೀಲರಾಗಿ ಹೋದವರು ಮಚ್ಚೇಂದ್ರ ಒಬ್ಬರೇ. ಹಾಗಾಗಿ ಸುತ್ತಲಿನ ಹಳ್ಳಿಗಳ ಕೂಲಿ ಮಂದಿ, ಅಂಗೈಯಗಲ ಹೊಲದವರು, "ನಮ್ಮ ವಕೀಲಸಾಹೇಬ್ರು" ಎಂದು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ವಾರದಲ್ಲಿ ಎರಡು ದಿನ ಬಸ್ಸು ಹತ್ತಿ ಬಸವಕಲ್ಯಾಣದ ಕೋರ್ಟಿಗೆ ಹೋಗುವುದು, ಉಳಿದ ದಿನ ಹುಮನಾಬಾದು, ಇದು ಅವರ ಬಾಳಿನ ವೇಳಾಪಟ್ಟಿ.

ಮೊದಲ ಹದಿನೈದು ವರ್ಷ ಅವರ ಕಾಗದಗಳನ್ನೆಲ್ಲ ಬಡಿದುಕೊಟ್ಟವನು ಬಕ್ಕಪ್ಪ. ಹುಮನಾಬಾದ್ ಕೋರ್ಟಿನ ಜಗುಲಿಯ ಮೇಲೆ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಈ ಮನುಷ್ಯ ಮಾತಿನಲ್ಲೂ ಜಿಪುಣ, ರಿಬ್ಬನ್ನಿನಲ್ಲೂ ಜಿಪುಣ. ದಾವೆ ಹೂಡುವವನು ತನ್ನ ಮಾತನ್ನು ಒಂದು, ಎರಡು, ಮೂರು ಎಂದು ಪ್ಯಾರಾ ಮಾಡಿ ಬರೆದಿರುತ್ತಾನೆ. ಎದುರಿನವನು ಒಂದೊಂದಕ್ಕೂ ಖರೆ ಅಥವಾ ಸುಳ್ಳು ಎಂದು ಜವಾಬು ಕೊಡಬೇಕು. ಒಮ್ಮೆ ಖರೆ ಎಂದು ಬರೆದುಕೊಟ್ಟರೆ ಮುಗಿಯಿತು, ಅದಕ್ಕೆ ಬೇರೆ ಸಾಕ್ಷಿಯೇ ಬೇಡ. ಬಕ್ಕಪ್ಪ ಪ್ರತಿ ಸಲ "ದಾವಾದ ಇಂಥ ಪ್ಯಾರಾದಲ್ಲಿ ಹೇಳಿರುವ ಸಂಗತಿ" ಎಂದು ಉದ್ದಕ್ಕೆ ಬಡಿಯುತ್ತಿರಲಿಲ್ಲ. ಮೇಲೊಂದು ಸಾಲು: "ದಾವಾದ ಪ್ಯಾರಾಗಳಿಗೆ ಅದೇ ನಂಬರಿನಲ್ಲಿ ಜವಾಬು." ಕೆಳಗೆ ಅಂಚಿನಲ್ಲಿ ನಂಬರು, ಪಕ್ಕದಲ್ಲಿ ಜವಾಬು. ಮಚ್ಚೇಂದ್ರರಿಗೆ ಈ ರೀತಿ ಹಿಡಿಸಿತು, ಅದೇ ಅವರ ರೀತಿಯಾಯಿತು.

ಬಕ್ಕಪ್ಪನದು ಇನ್ನೊಂದು ಪದ್ಧತಿಯಿತ್ತು. ಕಾಗದವನ್ನು ರೋಲರಿನಿಂದ ಎಳೆದ ಮೇಲೆ ಪಕ್ಷಗಾರನನ್ನು ಮುಂದೆ ಕೂರಿಸಿಕೊಂಡು ಒಂದೊಂದೇ ನಂಬರು ಓದುತ್ತಿದ್ದ. ಒಂದೊಂದಕ್ಕೂ ಅವನು "ಹೌದ್ರಿ" ಎನ್ನಬೇಕು ಅಥವಾ "ಅಲ್ರಿ" ಎನ್ನಬೇಕು. ಗೋಣು ಹಾಕಿದರೆ ನಡೆಯುತ್ತಿರಲಿಲ್ಲ. ಜಗುಲಿಯ ಮೇಲೆ ಕೂತ ಹತ್ತು ಮಂದಿಗೆ ಪರರ ಮನೆಯ ಜಗಳವೆಲ್ಲ ಬಾಯಿಪಾಠವಾಗುತ್ತಿತ್ತು, ಅದು ಬೇರೆ ಮಾತು. ಆದರೆ ಬಕ್ಕಪ್ಪನ ಕಾಗದದಲ್ಲಿ ಪಕ್ಷಗಾರನ ಕಿವಿಗೆ ಬೀಳದ ಒಂದು ಅಕ್ಷರವೂ ಕೋರ್ಟಿಗೆ ಹೋಗಲಿಲ್ಲ.

ತೊಂಬತ್ತೊಂಬತ್ತರಲ್ಲಿ ಬಕ್ಕಪ್ಪನ ಕಣ್ಣಿಗೆ ಪೊರೆ ಬಂತು, ಮರುವರ್ಷ ಅವನೇ ಹೋದ. ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಎದುರು ಯುನೂಸ್ ಎಂಬವನು ಕಂಪ್ಯೂಟರ್ ಅಂಗಡಿ ತೆರೆದಿದ್ದ. ಧೂಳು ಬಂದರೆ ವೈರಸ್ ಹತ್ತುತ್ತದೆಂದು ಅವನು ಎಲ್ಲರ ಚಪ್ಪಲಿಯನ್ನು ಹೊರಗೆ ಬಿಡಿಸುತ್ತಿದ್ದ, ಹಾಗಾಗಿ ತಾಲೂಕಿನ ಕಾನೂನೆಲ್ಲ ಕೆಲವು ವರ್ಷ ಬರಿಗಾಲಲ್ಲಿ ನಡೆಯಿತು. ಎರಡೂ ಊರಿನ ವಕೀಲರು ಆ ಕಾಲದಲ್ಲಿ ಪಟ್ಟ ಪಾಡು ದೇವರಿಗೇ ಪ್ರೀತಿ. ಒಬ್ಬರು ತಮ್ಮ ಕಾಗದಗಳನ್ನೆಲ್ಲ "ದಾವಾ" ಎಂಬ ಒಂದೇ ಹೆಸರಿನಲ್ಲಿ ಇಡಿಸಿ, ಹೊಸದು ಬಂದಂತೆ ಹಳೆಯದನ್ನು ಕೊಂದುಕೊಂಡರು. ಇನ್ನೊಬ್ಬರು ಹುಮನಾಬಾದಿನಲ್ಲಿ ಬರೆಸಿದ್ದನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಕಲ್ಯಾಣಕ್ಕೆ ಒಯ್ದರು. ಅಲ್ಲಿಯ ಯಂತ್ರದಲ್ಲಿ ಆ ಕನ್ನಡವಿರಲಿಲ್ಲ, ತೆರೆದರೆ ಬರೀ ಡಬ್ಬಿ, ಕೊಕ್ಕೆ, ಬಾಣದ ಗುರುತು. "ನಿಜಾಮನ ಕಾಲದ ಮೋಡಿ ಲಿಪಿ ಕಾಗದಾನೂ ಓದೀನಿ, ಇದು ಯಾವ ಸರ್ಕಾರದ್ದು?" ಎಂದು ಕೇಳಿದವರು ಕಲ್ಯಾಣದ ಹಿರಿಯ ವಕೀಲ ಮಹಾರುದ್ರಪ್ಪ. ಅವರೇನು ಕಮ್ಮಿಯಿಲ್ಲ. ಶೀರ್ಷಿಕೆ ನಡುವೆ ಬರಲೆಂದು ಸ್ಪೇಸ್ ಬಾರನ್ನು ನಲವತ್ತು ಸಲ ಒತ್ತಿ, ಮೇಲೊಂದು ಶಬ್ದ ಸೇರಿಸಿದೊಡನೆ ಎಲ್ಲ ಕೆಳಗೆ ಜಾರಿದ್ದು ಕಂಡು, "ಕಟ್ಟಿದ ಒಡ್ಡು ಒಡದು ಹೋತು" ಎಂದು ಎದ್ದುಹೋದವರು ಮತ್ತೆ ಆ ಕುರ್ಚಿಯ ಮೇಲೆ ಕೂರಲಿಲ್ಲ. ಬರೆದದ್ದನ್ನು ಉಳಿಸುವ ಮೊದಲೇ ಕರೆಂಟು ಹೋಗಿ ಕಣ್ಣೀರು ಹಾಕಿದವರ ಲೆಕ್ಕ ಇಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಮಚ್ಚೇಂದ್ರ ಹಟ ಹಿಡಿದು ಕಲಿತರು. ಎರಡು ಸಾವಿರದ ಒಂದರಲ್ಲಿ ಹಳೆಯ ಕಂಪ್ಯೂಟರೊಂದನ್ನು ಕೊಂಡು ಮನೆಯ ಮುಂದಿನ ಕೋಣೆಯಲ್ಲಿಟ್ಟರು. ಪ್ರಿಂಟಿಗೆ ಮಾತ್ರ ಯುನೂಸನ ಅಂಗಡಿ. ಆರು ತಿಂಗಳು ಎರಡೇ ಬೆರಳಿನಲ್ಲಿ ಅಕ್ಷರ ಹುಡುಕಿದರು. ಅವರಿಗೆ ಆ ಯಂತ್ರದಲ್ಲಿ ಬಹಳ ಹಿಡಿಸಿದ್ದು ಒಂದು: ಒಂದನೇ ನಂಬರು ಹಾಕಿ ಜವಾಬು ಬರೆದು ಎಂಟರ್ ಒತ್ತಿದರೆ ಎರಡು ತಾನೇ ಬಂದು ನಿಲ್ಲುತ್ತಿತ್ತು. ಬಕ್ಕಪ್ಪನೇ ಒಳಗೆ ಕೂತು ಅಂಚಿನಲ್ಲಿ ನಂಬರು ಹಾಕುತ್ತಿದ್ದಾನೆ ಎಂದು ಅವರಿಗೆ ಅನಿಸುತ್ತಿತ್ತು. ಒಂದು ತಪ್ಪಕ್ಷರವಿಲ್ಲ, ಬಿಳಿ ಬಣ್ಣ ಹಚ್ಚಿ ತಿದ್ದಿದ ಕಲೆಯಿಲ್ಲ. ಅಷ್ಟು ಚೊಕ್ಕ ಕಾಗದವನ್ನು ಮತ್ತೆ ಕೂತು ಓದುವುದೇನು? ಹೀಗೆ ನಂಬರು ಓದುವ ಪದ್ಧತಿ ಬಕ್ಕಪ್ಪನ ಹಿಂದೆಯೇ ಹೋಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ವಕೀಲರಿಗೆ ಗೊತ್ತಿರಬೇಕಾದ ಮಾತು. ಪರರ ಕಾಗದದ ವಿಷಯದಲ್ಲಿ ಅವರಿಗೆ ಗೊತ್ತೂ ಇತ್ತು.

ಎರಡು ಸಾವಿರದ ನಾಲ್ಕರಲ್ಲಿ ಮುಡಬಿಯಿಂದ ಸಖುಬಾಯಿ ಬಂದಳು. ಗಂಡ ಸತ್ತ ಹೆಂಗಸು, ಒಬ್ಬಳೇ ಮಗಳು. ಅವಳ ಮಾವನಿಗೆ ಸರ್ಕಾರ ಕೊಟ್ಟಿದ್ದ ಒಂದೂವರೆ ಎಕರೆ ಹೊಲದಲ್ಲಿ ತೊಗರಿ, ಜೋಳ ಮಾಡಿಕೊಂಡು, ಉಳಿದ ದಿನ ಕೂಲಿಗೆ ಹೋಗುತ್ತಿದ್ದಳು. ಬದಿಯ ಹೊಲದ ಧಣಿ, ಆ ಒಂದೂವರೆ ಎಕರೆಯೂ ತನ್ನ ಕಬ್ಜಾದಲ್ಲೇ ಇದೆ, ಸಖುಬಾಯಿ ಕಾಲಿಡದಂತೆ ತಡೆಯಿರಿ ಎಂದು ಕಲ್ಯಾಣದ ಕೋರ್ಟಿನಲ್ಲಿ ದಾವೆ ಹಾಕಿದ್ದ. ಅವನ ವಕೀಲರು ಇದೇ ಮಹಾರುದ್ರಪ್ಪ. ದಾವಾದಲ್ಲಿ ಎಂಟು ಪ್ಯಾರಾ ಇದ್ದವು. ಮೂರನೆಯದು ಹೊಲದ ಸರ್ವೆ ನಂಬರು, ಅದರ ನಾಲ್ಕೂ ದಿಕ್ಕು. ನಾಲ್ಕನೆಯದು, ಹೊಲ ಧಣಿಯ ಕಬ್ಜಾದಲ್ಲಿದೆ, ಉಳುತ್ತಿರುವವನು ಅವನೇ ಎಂಬುದು. ಇಡೀ ಜಗಳ ಇದ್ದದ್ದು ಆ ನಾಲ್ಕರಲ್ಲಿ.

ಮಚ್ಚೇಂದ್ರ ಜವಾಬು ಬರೆದರು, ಮೇಲೆ ಬಕ್ಕಪ್ಪನ ಆ ಸಾಲು ಹಾಕಿ. ಮೂರಕ್ಕೆ, "ಇದರಲ್ಲಿ ಹೇಳಿದ್ದೆಲ್ಲ ಪೂರ್ತಿ ಖರೆ, ಪ್ರತಿವಾದಿ ಒಪ್ಪುತ್ತಾಳೆ." ಸರ್ವೆ ನಂಬರಿನ ಬಗ್ಗೆ ತಂಟೆ ಯಾಕೆ? ನಾಲ್ಕಕ್ಕೆ, "ಇದು ಪೂರ್ತಿ ಸುಳ್ಳು." ಕೋರ್ಟಿಗೆ ಕೊಡುವ ದಿನ ಬೆಳಿಗ್ಗೆ, ಒಂಬತ್ತೂವರೆಯ ಬಸ್ಸಿಗೆ ಹೊರಡುವಾಗ, ದಾವೆಯೇ ಈ ರೂಪದಲ್ಲಿ ನಿಲ್ಲುವುದಿಲ್ಲ ಎಂಬ ಆಕ್ಷೇಪವನ್ನು ಎಲ್ಲಕ್ಕೂ ಮೊದಲು ಹಾಕಬೇಕಿತ್ತೆಂದು ಅವರಿಗೆ ನೆನಪಾಯಿತು. ಮತ್ತೆ ಕೂತರು. ಒಂದನೇ ಜವಾಬಿನ ಮುಂದೆ ಹೋಗಿ ಆಕ್ಷೇಪ ಬರೆದು ಎಂಟರ್ ಒತ್ತಿದರು. ಯಂತ್ರ ಆಜ್ಞೆ ಮೀರುವಂಥದ್ದಲ್ಲ. ಆಕ್ಷೇಪಕ್ಕೆ ಒಂದು ಎಂದು ನಂಬರು ಕೊಟ್ಟು, ಒಂದನ್ನು ಎರಡು ಮಾಡಿ, ಮೂರನ್ನು ನಾಲ್ಕು ಮಾಡಿ, ಎಲ್ಲವನ್ನೂ ಒಂದೊಂದು ಮೆಟ್ಟಿಲು ಕೆಳಗಿಳಿಸಿತು. ಅವರು ಫ್ಲಾಪಿ ಕಿಸೆಗೆ ಹಾಕಿಕೊಂಡು ಓಡಿದರು. ಯುನೂಸ್ ಪ್ರಿಂಟು ತೆಗೆದುಕೊಟ್ಟ. ಬಸ್ಸು ಸಿಕ್ಕಿತು. ಬಸ್ಸು ತಪ್ಪಿದ್ದರೆ ಚೆನ್ನಾಗಿತ್ತು.

ಕಲ್ಯಾಣದ ಕೋರ್ಟಿನ ಜಗುಲಿಯಲ್ಲಿ ಸಖುಬಾಯಿ ಸೆರಗಿನ ತುದಿಯಿಂದ ಹೆಬ್ಬೆರಳು ಒರೆಸಿಕೊಂಡು ಕೂತಿದ್ದಳು. ಗಂಡ ಸತ್ತಾಗ ವಾರಸಾ ಕಾಗದಕ್ಕೆಂದು ಬಕ್ಕಪ್ಪನ ಮುಂದೆ ಕೂತು ಹನ್ನೊಂದು ಸಲ "ಹೌದ್ರಿ" ಅಂದವಳು ಅವಳು.

"ಓದಿ ಹೇಳಂಗಿಲ್ರೇನು?" ಎಂದು ಕೇಳಿದಳು.

"ಇದು ಕಂಪ್ಯೂಟರಿಂದು ಸಖುಬಾಯಿ. ಇದರಾಗ ತಪ್ಪ ಬರಂಗಿಲ್ಲ. ಜಲ್ದಿ ಹಚ್ಚು, ಕೂಗಾಕತ್ತಾರ," ಎಂದರು ಮಚ್ಚೇಂದ್ರ.

ಅವಳು ಹೆಬ್ಬೆಟ್ಟು ಒತ್ತಿದಳು. "ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ" ಎಂಬ ಸಾಲಿನ ಕೆಳಗೆ. ಅದರ ಪಕ್ಕದಲ್ಲಿ ಅವಳಿಗೆ ಓದಿ ಹೇಳಿದ್ದೇನೆ ಎಂದು ಮಚ್ಚೇಂದ್ರರ ರುಜು ಬಿತ್ತು.

ಎರಡು ವರ್ಷ ತಾರೀಖುಗಳು ಬಂದವು, ಹೋದವು. ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಸಖುಬಾಯಿ ಸಾಕ್ಷಿಕಟ್ಟೆ ಹತ್ತಿದಳು. ಮಹಾರುದ್ರಪ್ಪನವರ ಕೈಯಲ್ಲಿ ಯಾವಾಗಲೂ ಒಂದು ಸ್ಟೀಲಿನ ಸ್ಕೇಲು ಇರುತ್ತದೆ, ಸಾಲಿನ ಕೆಳಗೆ ಅದನ್ನಿಟ್ಟುಕೊಂಡೇ ಅವರು ಓದುವುದು. ಅಂದು ಅವರು ಬಹಳ ಕೇಳಲಿಲ್ಲ.

"ನೀ ಕೋರ್ಟಿಗಿ ಜವಾಬ ಕೊಟ್ಟೀದಿ, ಹೌದಲ್ಲವಾ?"

"ಹೌದ್ರಿ."

"ಅದರಾಗ ಬರದಿದ್ದೆಲ್ಲಾ ಖರೆ ಅದ?"

"ಖರೆ ಅದರಿ. ನಮ್ಮ ವಕೀಲಸಾಹೇಬ್ರು ಬರದಾರ."

"ನಾಕನೇ ನಂಬರದಾಗ ಬರದಿದ್ದೂ ಖರೆ?"

"ಎಲ್ಲಾ ಖರೇನೇ ಅದರಿ," ಎಂದಳು ಸಖುಬಾಯಿ. ಹೇಳುವಾಗ ಮಚ್ಚೇಂದ್ರರ ಕಡೆ ನೋಡಿದಳು, ಸರಿಯಾಗಿ ಹೇಳಿದೆನೇ ಎಂದು ಕೇಳುವಂತೆ.

ಮಹಾರುದ್ರಪ್ಪ ಸ್ಕೇಲು ಕೆಳಗಿಟ್ಟು ಕೂತರು. ಮಚ್ಚೇಂದ್ರ ತಮ್ಮ ಫೈಲು ತೆರೆದು ನಾಲ್ಕನ್ನು ನೋಡಿದರು. "ಇದರಲ್ಲಿ ಹೇಳಿದ್ದೆಲ್ಲ ಪೂರ್ತಿ ಖರೆ, ಪ್ರತಿವಾದಿ ಒಪ್ಪುತ್ತಾಳೆ." ಮೂರರ ಜವಾಬು ನಾಲ್ಕಕ್ಕೆ ಜಾರಿ, ಕಬ್ಜಾ ಧಣಿಯದೇ ಎಂದು ಒಪ್ಪಿಕೊಟ್ಟಿತ್ತು. ಮತ್ತೊಮ್ಮೆ ಓದಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಆಡಿದವರೂ ಅವರೇ, ಹೋದದ್ದು ಮಾತ್ರ ಇನ್ನೊಬ್ಬರದು. ದುಃಖವಾಗಬೇಕಿತ್ತು, ನಾಚಿಕೆಯಾಗಬೇಕಿತ್ತು. ಯಾವುದೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದ ದವಡೆಯಂತೆ ಮೈಯೆಲ್ಲ ಜೋಮು ಹಿಡಿದಿತ್ತು. ಹೊರಗೆ ಬಂದು, ಸಖುಬಾಯಿಗೆ ಮುಂದಿನ ತಾರೀಖು ಹೇಳಿ, ಕ್ಯಾಂಟೀನಿನಲ್ಲಿ ಒಂದು ಪ್ಲೇಟು ಭಜಿ ತಿಂದು, ಬೀದರಿನ ಬಸ್ಸು ಹತ್ತಿದರು. ಹುಮನಾಬಾದಿನಲ್ಲಿ ಇಳಿಯಲಿಲ್ಲ. ಕಂಡಕ್ಟರು ಟಿಕೆಟು ಮುಗಿಯಿತೆಂದು ಹಳ್ಳಿಖೇಡದಲ್ಲಿ ಇಳಿಸಿದ. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಆ ಸಾಲು ಕರಗುವವರೆಗೆ ಅವರು ರಸ್ತೆಯ ಬದಿ ಸುಮ್ಮನೆ ನಿಂತಿದ್ದರು.

ಮರುವಾರ ಕಲ್ಯಾಣದ ವಕೀಲರ ಕೋಣೆಯಲ್ಲಿ ಮಹಾರುದ್ರಪ್ಪ ತಾವಾಗಿಯೇ ಎರಡು ಚಹಾ ತರಿಸಿದರು.

"ಯಾವಾಗ ನೋಡಿದ್ರಿ?" ಎಂದು ಮಚ್ಚೇಂದ್ರ ಕೇಳಿದರು.

"ನೀ ಕೊಟ್ಟ ದಿನಾನೇ. ಸ್ಕೇಲ್ ಇಟ್ಟು ಓದಿದ್ರ ಕಾಣಂಗಿಲ್ಲೇನು? ನನ್ನ ದಾವಾದಾಗ ಎಂಟು ಪ್ಯಾರಾ, ನಿನ್ನ ಜವಾಬದಾಗ ಒಂಬತ್ತು."

"ಎರಡು ವರ್ಷ ಕೂಡಿ ಚಾ ಕುಡದೇವಿ."

"ಚಾ ನಿನ್ನ ಸಂಗಟ. ವಕಾಲತ್ ನನ್ನ ಪಾರ್ಟಿದು. ನೀ ನನ್ನ ಜಾಗಾದಾಗ ಇದ್ರ ಹೇಳ್ತಿದ್ದೇನು?"

ಹೇಳುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ತಿದ್ದಾಕ ಅರ್ಜಿ ಹಾಕು," ಎಂದರು ಮಹಾರುದ್ರಪ್ಪ ದನಿ ಇಳಿಸಿ. "ಆದರ ನೆನಪಿಡು. ಅಂಗಡಿಯವನ ಟೈಪಿಂಗ್ ತಪ್ಪು ಅಂದ್ರ ಕೋರ್ಟಿನವರು ಒಮ್ಮೊಮ್ಮಿ ಮಾಫ್ ಮಾಡ್ತಾರ. ವಕೀಲ ಓದಲಿಲ್ಲ ಅಂದ್ರ ಮಾಡಂಗಿಲ್ಲ. ಯುನೂಸ ಇದ್ದಾನಲ್ಲ, ಅವನ ಹೆಸರು ಬರಿ."

ಎದುರಾಳಿಯ ಬಾಯಿಂದ ಇಷ್ಟು ಬಂದದ್ದೇ ದೊಡ್ಡದು. ಮಚ್ಚೇಂದ್ರ ಹುಮನಾಬಾದಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು ಯುನೂಸನ ಅಂಗಡಿಯಲ್ಲಿ ಕೂತರು. ವಿಷಯ ಅವನ ಕಿವಿಗೆ ಆಗಲೇ ಬಿದ್ದಿತ್ತು.

"ನನ್ನ ಹೆಸರ ಹಾಕ್ರಿ ಸಾಬ್," ಎಂದ ಯುನೂಸ್. "ಪ್ರಿಂಟ್ ನಾನೇ ತೆಗದೇನಲ್ರಿ. ಸಾಕ್ಷಿಗಿ ಕರದ್ರ ಬರ್ತೀನಿ. ಪಾಪ, ಸಖುಬಾಯಿದು ಹೊಲ ಉಳೀಲಿ."

ಯುನೂಸ್ ಸಾಕ್ಷಿಕಟ್ಟೆಯಲ್ಲಿ ನಿಂತದ್ದನ್ನೂ, ಮಹಾರುದ್ರಪ್ಪನವರ ಸ್ಕೇಲು ಅವನ ಕಡೆ ತಿರುಗಿದ್ದನ್ನೂ ಮಚ್ಚೇಂದ್ರ ಕೂತಲ್ಲೇ ಮನಸ್ಸಿನಲ್ಲಿ ಕಂಡರು. ಪ್ರಮಾಣ ಮಾಡಿ ಅವನು ಹೇಳಬೇಕಾದ ಸುಳ್ಳನ್ನು ಇವರೇ ಬರೆದು ಕಲಿಸಬೇಕು. ಆಗ ಉಳಿದರೆ ಹೊಲ ಉಳಿಯಬಹುದು. ಖರೆ ಬರೆದರೆ ಹೋಗುವುದು ಬಹುಮಟ್ಟಿಗೆ ಖಂಡಿತ, ಹೋಗುವುದು ಮತ್ತೆ ಸಖುಬಾಯಿಯದೇ. ಎರಡು ದಿನ ಇದನ್ನೇ ಆಚೆ ಈಚೆ ತಿರುಗಿಸಿ ನೋಡಿದರು. ಮೂರನೇ ದಿನ ಖರೆ ಬರೆದರು: ನಂಬರು ಜಾರಿದ್ದು ನನ್ನ ಕೈಯಿಂದ, ನಾನು ತಿರುಗಿ ನೋಡಲಿಲ್ಲ, ಪ್ರತಿವಾದಿ ಕೇಳಿದರೂ ಅವಳಿಗೆ ಓದಿ ಹೇಳಲಿಲ್ಲ, ಓದಿ ಹೇಳಿದ್ದೇನೆಂದು ರುಜು ಮಾಡಿದ್ದು ಸುಳ್ಳು. ಇದನ್ನು ಪ್ರಾಮಾಣಿಕತೆ ಎಂದು ಹೊಗಳಿದವರಿದ್ದಾರೆ. ಹೊಗಳಲಿ ಪಾಪ. ಅವರಲ್ಲಿ ಸುಳ್ಳು ಕಟ್ಟುವಷ್ಟು ಕಸುವು ಉಳಿದಿರಲಿಲ್ಲ, ಅಷ್ಟೇ.

ಆ ಕಾಗದವನ್ನು ಮಾತ್ರ ಅವರು ಸಖುಬಾಯಿಯನ್ನು ಮುಂದೆ ಕೂರಿಸಿಕೊಂಡು ಓದಿದರು, ಅದೇ ಜಗುಲಿಯ ಮೇಲೆ, ಬೆರಳಿಟ್ಟು, ಒಂದೊಂದೇ ನಂಬರು. ಅವಳು ಒಂದೊಂದಕ್ಕೂ "ಹೌದ್ರಿ" ಅಂದಳು. ಕೊನೆಗೆ ಹೇಳಿದಳು:

"ಇದೆಲ್ಲಾ ಯಾಕ ಬರಕೊಂಡ್ರಿ ಸಾಹೇಬ್ರ? ಅವತ್ತ ನೀವು ಓದಿದ್ರೂ ನಾ ಹೌದ್ರಿ ಅಂತಿದ್ದೆ. ನಿಮ್ಮ ಮಾತಿಗಿ ನಾ ಅಲ್ರಿ ಅಂತಿದ್ನೇನು?"

ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಈ ಮಾತು ಜೋಮು ಹಿಡಿದ ಮೈಯೊಳಗೂ ಇಳಿಯಿತು. ಅವರು ತಲೆ ತಗ್ಗಿಸಿ ಕಾಗದಕ್ಕೆ ದಾರ ಕಟ್ಟಿದರು.

ಅರ್ಜಿ ವಜಾ ಆಯಿತು. ಎರಡು ವರ್ಷ ಸುಮ್ಮನಿದ್ದು, ಸಾಕ್ಷಿ ನಡೆದ ಮೇಲೆ, ಒಪ್ಪಿದ್ದನ್ನು ಒಪ್ಪಿಲ್ಲವೆನ್ನಲು ಬರುವುದಿಲ್ಲ ಎಂದು ಏಳೆಂಟು ಸಾಲಿನ ಆದೇಶ. ಮರುವರ್ಷ ದಾವೆಯೂ ಧಣಿಯ ಕಡೆ ಆಯಿತು. ಮೇಲಿನ ಕೋರ್ಟಿಗೆ ಬೇರೆ ವಕೀಲರನ್ನು ಹಿಡಿದುಕೊಡಲು ಮಚ್ಚೇಂದ್ರರೇ ಓಡಾಡಿದರು. ಅಲ್ಲಿಯೂ ಆ ನಾಲ್ಕನೇ ನಂಬರೇ ಮುಂದೆ ಬಂದು ನಿಂತಿತು. ಸಖುಬಾಯಿ ಪೂರ್ತಿ ಕೂಲಿಯವಳಾದಳು. ಮುಡಬಿಯ ರಸ್ತೆಯಲ್ಲಿ ಆಟೋದಲ್ಲಿ ಹೋಗುವಾಗ ಅವಳ ತೊಗರಿ ಇದ್ದ ಹೊಲದಲ್ಲಿ ಈಗ ಧಣಿಯ ಕಡಲೆ ಕಾಣುತ್ತದೆ. ಆ ರಸ್ತೆಯ ಕೆಲಸ ಬಂದರೆ ಮಚ್ಚೇಂದ್ರ ಇನ್ನೊಂದು ಬದಿಗೆ ಕೂರುತ್ತಾರೆ.

ಕಂಪ್ಯೂಟರನ್ನು ಅವರು ಬಿಡಲಿಲ್ಲ, ಬಿಟ್ಟರೆ ಹೊಟ್ಟೆ ನಡೆಯುವುದಿಲ್ಲ. ತಾನೇ ನಂಬರು ಹಾಕುವುದನ್ನು ಯುನೂಸನ ಕೈಯಿಂದ ಬಂದ್ ಮಾಡಿಸಿ, ಒಂದೊಂದು ಅಂಕಿಯನ್ನೂ ತಾವೇ ಒತ್ತತೊಡಗಿದರು. ಎಲ್ಲ ಕಾಗದವನ್ನೂ ಎಲ್ಲರಿಗೂ ಓದತೊಡಗಿದರು. ಬಸ್ಸು ತಪ್ಪಿದರೆ ತಪ್ಪಲಿ. ಕೋರ್ಟಿನವರು ರೇಗಿದರು, ಪಕ್ಷಗಾರರು ಆಕಳಿಸಿದರು, ಕೆಲವರು ಬೇರೆ ವಕೀಲರನ್ನು ಹಿಡಿದರು. ಅವರಿಗೆ ಅದರಿಂದ ಸಂತೋಷವೂ ಆಗಲಿಲ್ಲ, ಬೇಜಾರೂ ಆಗಲಿಲ್ಲ.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಸಖುಬಾಯಿ ಮಗಳು ಆಮ್ರಪಾಲಿಯನ್ನು ಕರೆದುಕೊಂಡು ಅವರ ಮನೆಗೆ ಬಂದಳು. ಪಂಚಾಯಿತಿಯಿಂದ ಮನೆಯ ಜಾಗ ಬೇಡುವ ಅರ್ಜಿ ಬರೆಸಬೇಕಿತ್ತು, ಜೊತೆಗೊಂದು ಪ್ರಮಾಣಪತ್ರ. ಆಮ್ರಪಾಲಿಗೆ ಮನಸ್ಸಿರಲಿಲ್ಲ, ಬಾಗಿಲ ಹೊರಗೇ ನಿಂತಿದ್ದಳು.

"ಊರಾಗ ಬ್ಯಾರೆ ವಕೀಲರು ಇಲ್ಲೇನವ್ವಾ?" ಎಂದಳು, ಒಳಗೆ ಕೇಳಿಸಲೆಂದೇ.

"ಇದ್ದಾರ," ಎಂದಳು ಸಖುಬಾಯಿ. "ಆದರ ತಪ್ಪ ಆಗ್ತದ ಅಂಬೂದು ಇವರಿಗಿ ಗೊತ್ತದ."

ಮಚ್ಚೇಂದ್ರ ಕೇಳಿಸಿಕೊಂಡರು. ಎರಡು ಬೆರಳಿನಲ್ಲಿ ಬರೆದರು. ಆರು ನಂಬರು, ಆರನ್ನೂ ಕೈಯಿಂದ ಒತ್ತಿದರು. ಯುನೂಸನ ಅಂಗಡಿಗೆ ಹೋಗಿ ಪ್ರಿಂಟು ತಂದರು. ಸಖುಬಾಯಿಯನ್ನು ಎದುರು ಕೂರಿಸಿಕೊಂಡು ಬೆರಳಿಟ್ಟು ಓದಿದರು. ಒಂದು. ಎರಡು. ಮೂರು. ಅವಳು "ಹೌದ್ರಿ" ಎನ್ನುತ್ತ ಬಂದಳು. ನಾಲ್ಕನೆಯದರಲ್ಲಿ, ತನಗೆ ಸ್ವಂತ ಹೊಲವಾಗಲಿ ಮನೆಯಾಗಲಿ ಎಲ್ಲಿಯೂ ಇರುವುದಿಲ್ಲ ಎಂದಿತ್ತು. ಓದಿ ಮುಗಿಸಿ ಅವರು ಕಾದರು.

ಸಖುಬಾಯಿ ಹೌದ್ರಿ ಅನ್ನಲಿಲ್ಲ. ಇಂಕಿನ ಡಬ್ಬಿಯ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟಳು.

"ನಾಕನೇದು ಮತ್ತೊಮ್ಮಿ ಓದ್ರಿ," ಎಂದಳು.

ಮಚ್ಚೇಂದ್ರ ವಕೀಲರು ಬೆರಳನ್ನು ನಾಲ್ಕರ ಮೇಲೆ ತಂದಿಟ್ಟು, ಒಂದು ಉಸಿರು ಬಿಟ್ಟು, ಮತ್ತೆ ಓದಿದರು.